ಹೈಟಿ–ಡೊಮಿನಿಕನ್ ಆರ್ಥಿಕ ಅಂತರ
ಕೆರಿಬಿಯನ್ ಸಮುದ್ರದ ಹಿಸ್ಪನಿಯೋಲಾ ದ್ವೀಪವನ್ನು ಹಂಚಿಕೊಂಡಿರುವ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳ ನಡುವಿನ ವರಮಾನ ಹಾಗೂ ಜೀವನಮಟ್ಟದ ಅಸಮಾನತೆ. 1960ರ ಸುಮಾರಿಗೆ ಇವೆರಡರ ತಲಾ ವರಮಾನ ಬಹುಮಟ್ಟಿಗೆ ಸಮವಾಗಿತ್ತು. ಈಗ ಡೊಮಿನಿಕನ್ ತಲಾ ವರಮಾನ ಹೈಟಿಯದರ ಐದು ಪಟ್ಟಿಗೂ ಹೆಚ್ಚು. ನಿಸರ್ಗವೇ ಇದಕ್ಕೆ ಕಾರಣವೆಂಬ ವಾದವುಂಟು: ಮಳೆಮಾರುತ ಪೂರ್ವದಿಂದ ಬೀಸುತ್ತದೆ, ಪಶ್ಚಿಮದ ಹೈಟಿ ಹೆಚ್ಚು ಕಡಿದಾದ, ಒಣ ನೆಲ. ಆದರೆ ಇದೇ ನೆಲ 18ನೆಯ ಶತಮಾನದ ಕೊನೆಯಲ್ಲಿ, ಗುಲಾಮರ ದುಡಿಮೆಯಿಂದ ಸಕ್ಕರೆ, ಕಾಫಿ ಬೆಳೆದು, ಫ್ರಾನ್ಸಿನ ಅತಿ ಶ್ರೀಮಂತ ವಸಾಹತಾಗಿತ್ತು. ಹಾಗಾಗಿ ನಿರ್ಣಾಯಕ ಕಾರಣವನ್ನು ಇತಿಹಾಸದಲ್ಲೇ ಹುಡುಕಬೇಕು.

ಗುಲಾಮರು ಬಂಡೆದ್ದು 1804ರಲ್ಲಿ ಪಡೆದ ಸ್ವಾತಂತ್ರ್ಯವನ್ನು ಮಾನ್ಯ ಮಾಡಲು ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಒಡೆಯರ ನಷ್ಟವನ್ನು ಬಿಡುಗಡೆಯಾದವರೇ ತುಂಬಿಕೊಡಬೇಕಾದ ಈ ಘೋರ ಅನ್ಯಾಯ, ಅದಕ್ಕೆಂದು ಎತ್ತಿದ ಸಾಲಗಳೊಡನೆ, 20ನೆಯ ಶತಮಾನದವರೆಗೂ ಬೊಕ್ಕಸವನ್ನು ಬರಿದು ಮಾಡಿತು. 1960ರಲ್ಲಿ ಸಮವಾಗಿದ್ದ ಮೇಲೆ ಹಳೆಯ ಸಾಲ ಹೇಗೆ ಕಾರಣವಾದೀತು ಎಂಬ ಆಕ್ಷೇಪ ಗಟ್ಟಿಯಾದದ್ದು, ಸರ್ವಾಧಿಕಾರವೂ ಎರಡೂ ಕಡೆ ಇತ್ತು (ಡೊಮಿನಿಕನ್ ಗಣರಾಜ್ಯದಲ್ಲಿ ಟ್ರುಹಿಯೋ, 1930–61; ಹೈಟಿಯಲ್ಲಿ ಡುವಾಲಿಯೇ ತಂದೆ-ಮಗ, 1957–86). ಆದರೆ ಸಾಲ ತೀರಿದ ಮೇಲೂ ಅದು ಹುಟ್ಟಿಸಿದ ದುರ್ಬಲ ಆಡಳಿತ ಉಳಿಯಿತು. ಟ್ರುಹಿಯೋ ಹತ್ಯೆಯ ನಂತರದ ದಶಕಗಳಲ್ಲಿ ಡೊಮಿನಿಕನ್ ಸರ್ಕಾರಗಳು ಪ್ರವಾಸೋದ್ಯಮವನ್ನೂ ರಫ್ತು ಕೈಗಾರಿಕಾ ವಲಯಗಳನ್ನೂ ಬೆಳೆಸಿದವು. ಡುವಾಲಿಯೇ ಭಯಾಡಳಿತದಲ್ಲಿ ಹೈಟಿಯ ವೈದ್ಯರು, ಶಿಕ್ಷಕರು ದೇಶ ಬಿಟ್ಟರು. 2010ರ ಭೂಕಂಪ ರಾಜಧಾನಿಯನ್ನೇ ಧ್ವಂಸಗೊಳಿಸಿತು. ಡೊಮಿನಿಕನ್ ಕಬ್ಬಿನ ಗದ್ದೆಗಳು, ಕಟ್ಟಡ ಕಾಮಗಾರಿಗಳು ಇಂದಿಗೂ ಹೈಟಿಯ ವಲಸಿಗರನ್ನು ಅವಲಂಬಿಸಿವೆ. ಆದರೂ 2013ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತೀರ್ಪು ಅಲ್ಲಿಯೇ ಹುಟ್ಟಿದ, ಹೈಟಿ ಮೂಲದ ಸಹಸ್ರಾರು ಜನರ ಪೌರತ್ವವನ್ನು ಕಸಿದುಕೊಂಡಿತು.