ಕೈಗಡಿಯಾರ ಜನತೆಯದಾದ ಕಥೆ

ಸ್ವಿಸ್ ಕೈಗಡಿಯಾರ ಸಿರಿವಂತರ ಒಡವೆಯಾಗಿದ್ದ ಕಾಲವೊಂದಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕಾರ್ಖಾನೆ ಆರಂಭವಾದ ಮೇಲೆ ಅದು ಜನಸಾಮಾನ್ಯರ ಕೈಗೂ ಬಂತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯೂ ಮದುವೆ ಗಂಡಿನ ಉಡುಗೊರೆಯಾಯಿತು. ಸರಳವಾದ ‘ಜನತಾ’, ವೈಮಾನಿಕರ ಗಡಿಯಾರವನ್ನು ನೆನಪಿಸುವ ಕಪ್ಪು ಡಯಲಿನ ‘ಪೈಲಟ್’ ಎರಡಕ್ಕೂ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕಿತ್ತು. 1987ರಲ್ಲಿ ಬಂದ ಟೈಟನ್ ಕ್ವಾರ್ಟ್ಸ್ ಗಡಿಯಾರಗಳ ಮುಂದೆ ಅವು ಹಿಂದೆ ಬಿದ್ದವು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ನಿರ್ಧರಿಸಿತು.

ಈಗ ಹಳೆಯದಕ್ಕೇ ಬೇಡಿಕೆ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ‘ಪೈಲಟ್’ ಎಂದು ಮಾರುವುದೂ ಉಂಟು. ಥಳುಕಿಗೆ ಮರುಳಾಗದೆ, ಮಾಸಿದ್ದರೂ ಮೂಲ ಡಯಲ್ ಇರುವುದನ್ನೇ ಆರಿಸುವುದು ಲೇಸು. ಅಜ್ಜನ ಪೆಟ್ಟಿಗೆಯಲ್ಲೇ ಸಿಕ್ಕರೆ ಇನ್ನೂ ಲೇಸು.