ಕಸಬಿನ ಶಿಕ್ಷಣವೂ ಕಾಲದ ಬದಲಾವಣೆಯೂ

ತಂದೆಯ ಕಸಬು ಮಗನಿಗೆ ಬರುವುದೆಂಬುದು ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಸಾಗರ, ಸೊರಬಗಳ ಗುಡಿಗಾರರ ಮನೆಗಳಲ್ಲಿ ಹುಡುಗನು ಗಂಧದ ಕೊರಡಿನ ಮೇಲೆ ಉಳಿಯಾಡಿಸುವುದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದನು. ಮನೆಯೇ ಪಾಠಶಾಲೆ, ತಂದೆಯೇ ಗುರು. ಇದರಿಂದ ಕೈಗೆ ಅಪೂರ್ವವಾದ ನೈಪುಣ್ಯವು ಲಭಿಸಿತು. ಆದರೆ ಗಿರಾಕಿಯು ತಪ್ಪಿದಾಗ ಕಸಬುದಾರನಿಗೆ ಬೇರೆ ದಾರಿಯಿರಲಿಲ್ಲ. ಅನ್ಯ ಕುಲದ ಹುಡುಗನಿಗೆ ಆ ಕಸಬಿನ ಬಾಗಿಲು ತೆರೆಯುವುದೂ ದುರ್ಲಭವಾಗಿತ್ತು.

ಇಂತಹ ಕಾಲದಲ್ಲಿ, 1902ರಲ್ಲಿ, ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ವಿದ್ಯುತ್ತಿನ ತಂತಿಯನ್ನು ಜೋಡಿಸುವ ಕೆಲಸವನ್ನು ಅದುವರೆಗೆ ಯಾವ ತಂದೆಯೂ ಮಗನಿಗೆ ಹೇಳಿಕೊಟ್ಟಿರಲಿಲ್ಲ. ಮನೆಯು ಕಲಿಸಲಾರದುದನ್ನು ಸಂಸ್ಥಾನವು ಕಲಿಸಬೇಕಾಯಿತು. 1913ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಏರ್ಪಟ್ಟಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದೆ, ಆದರೂ ಕೈಕೆಲಸದಿಂದ ಬದುಕಬಯಸುವ ತರುಣರಿಗಾಗಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು.

ಉದ್ಯೋಗವು ಎಷ್ಟು ಬೇಗ ರೂಪಾಂತರ ಹೊಂದಬಲ್ಲುದೆಂಬುದಕ್ಕೆ ಶ್ರೀಗಂಧವೇ ಸಾಕ್ಷಿ. ಮೈಸೂರಿನ ಗಂಧದ ಮರವು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧವು ಆ ವ್ಯಾಪಾರವನ್ನು ಕಡಿದುಹಾಕಿತು. 1916ರಲ್ಲಿ ಸಂಸ್ಥಾನವೇ ಎಣ್ಣೆಯನ್ನು ಬಟ್ಟಿಯಿಳಿಸಲು ಉಪಕ್ರಮಿಸಿತು. ಮರವು ಅದೇ, ಕೆಲಸ ಮಾತ್ರ ಬೇರೆಯಾಯಿತು. ಮರವನ್ನು ಕಡಿದು ಹರಾಜಿಗಿಡುವಲ್ಲಿ ಬೇಕಿಲ್ಲದಿದ್ದ ರಸಾಯನಜ್ಞಾನವು ಈಗ ಅವಶ್ಯವಾಯಿತು.

ಹೀಗೆ ಬಂದ ಕೆಲಸಗಳೂ ಶಾಶ್ವತವಾಗಿ ನಿಲ್ಲಲಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳನ್ನು ತಯಾರಿಸತೊಡಗಿದ ಎಚ್‌.ಎಂ.ಟಿ.ಯ ಗಡಿಯಾರದ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರವು ನಿರ್ಧರಿಸಿತು. ಒಂದೇ ಯಂತ್ರದ ಒಂದೇ ಹಿಡಿಯನ್ನು ತಿರುಗಿಸಲು ಕಲಿತವನು, ಆ ಯಂತ್ರವು ನಿಂತ ದಿನ, ಗಿರಾಕಿಯಿಲ್ಲದ ಹಳೆಯ ಕಸಬುದಾರನ ಅವಸ್ಥೆಗೇ ಬರುವನು.

ಆದುದರಿಂದ ತರುಣರಿಗೆ ಇಂದಿನ ಕಾರ್ಖಾನೆಗೆ ಬೇಕಾದುದನ್ನಷ್ಟೇ ಕಲಿಸಿದರೆ ಸಾಲದು. ಸರಿಯಾಗಿ ಅಳೆಯುವುದು, ನಕ್ಷೆಯನ್ನು ಓದುವುದು, ಲೆಕ್ಕ, ವಸ್ತುವಿನ ಗುಣವನ್ನು ಪರೀಕ್ಷಿಸುವುದು, ಇವು ಯಂತ್ರ ಬದಲಾದರೂ ಕೈಬಿಡದ ವಿದ್ಯೆಗಳು. ಇವುಗಳ ತಳಹದಿಯ ಮೇಲೆ ಕಸಬನ್ನು ಕಟ್ಟಬೇಕು. ಅಷ್ಟೇ ಅಲ್ಲದೆ, ನಲವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು ಮನೆಮಂದಿಯನ್ನು ಸಾಕಬೇಕಾದವನಿಗೂ ಶಾಲೆಯ ಬಾಗಿಲು ಮರಳಿ ತೆರೆಯಬೇಕು. ಹಿಂದೆ ಕುಲದ ಕಟ್ಟನ್ನು ಸಡಿಲಿಸಿದ ಈ ಶಿಕ್ಷಣವು ಇನ್ನು ವಯಸ್ಸಿನ ಕಟ್ಟನ್ನೂ ಸಡಿಲಿಸಬೇಕೆಂದು ನಾವು ಭಾವಿಸುತ್ತೇವೆ.