ಆಫ್ರಿಕದ ಬೀಜ, ಕರಾವಳಿಯ ಕೈಗಳು

ನವರಾತ್ರಿ ಬಂತೆಂದರೆ ಉಡುಪಿ ಬಳಿಯ ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದಲ್ಲಿ ಜನಸಂದಣಿ. ಸುತ್ತಲಿನ ಮನೆಗಳಲ್ಲಿ ಹಬ್ಬದ ಪಾಯಸಕ್ಕೆ ತುಪ್ಪದಲ್ಲಿ ಹುರಿದ ಗೋಡಂಬಿ ಬೀಳುತ್ತದೆ. ಹಿತ್ತಲಿನ ಗುಡ್ಡದಲ್ಲೇ ಗೇರುಮರ ಬೆಳೆಯುವ ಸೀಮೆ ಇದು. ಗೋಡಂಬಿ ಊರಿನದೇ ಎಂದು ಭಾವಿಸುವುದು ಸಹಜ. ಆದರೆ ಅಂಗಡಿಯಿಂದ ತಂದ ಆ ಗೋಡಂಬಿ ತಾಂಜಾನಿಯದಲ್ಲೋ ಐವರಿ ಕೋಸ್ಟ್‌ನಲ್ಲೋ ಬೆಳೆದು, ಹಡಗೇರಿ ಬಂದು, ಕಾರ್ಕಳದ ಕಡೆಯ ಯಾವುದೋ ಕಾರ್ಖಾನೆಯಲ್ಲಿ ಸಿಪ್ಪೆ ಕಳಚಿಕೊಂಡದ್ದೂ ಇರಬಹುದು.

ಭಾರತ ಗೇರುಬೀಜವನ್ನು ಬೆಳೆಯುವ ದೇಶವೂ ಹೌದು, ಆಮದು ಮಾಡಿಕೊಳ್ಳುವ ದೇಶವೂ ಹೌದು. ಕಾರ್ಖಾನೆಗಳಿಗೆ ಬೇಕಾದ ಕಚ್ಚಾ ಬೀಜದಲ್ಲಿ ಸರಿಸುಮಾರು ಅರ್ಧದಷ್ಟು ಹೊರಗಿನಿಂದ ಬರುತ್ತದೆ. ಅದರಲ್ಲಿ ಬಹುಪಾಲು ಆಫ್ರಿಕದ ಬಡ ದೇಶಗಳದ್ದು. ಈ ವ್ಯಾಪಾರಕ್ಕೆ ಸುಮಾರು ಒಂದು ಶತಮಾನದ ಇತಿಹಾಸವಿದೆ.

ಮರದ ಕತೆ ಅದಕ್ಕೂ ಹಿಂದಿನದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ಇದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. ಪೂರ್ವ ಆಫ್ರಿಕದ ದಡದಲ್ಲಿ ನೆಟ್ಟವರೂ ಅವರೇ. ಕನ್ನಡದಲ್ಲಿ ‘ಗೇರು’ ಎಂಬುದು ಮೂಲತಃ ಇಲ್ಲಿಯದೇ ಆದ ಮತ್ತೊಂದು ಮರದ ಹೆಸರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಕಾಯಿ ಅದರದು. ರೂಪದಲ್ಲಿ ಹೋಲುವ ವಿದೇಶಿ ಮರಕ್ಕೆ ಜನ ಅದೇ ಹೆಸರಿಟ್ಟರು, ಹಳೆಯದು ‘ಕರಿಗೇರು’ ಆಯಿತು. ‘ಕಾಜು’ ಎಂಬ ಮಾತು ಮಾತ್ರ ಪೋರ್ಚುಗೀಸರ ಮೂಲಕ ಬ್ರೆಜಿಲ್‌ನ ಮೂಲನಿವಾಸಿಗಳ ತುಪಿ ಭಾಷೆಯಿಂದ ಬಂದದ್ದು.

ಗೋಡಂಬಿ ಉದ್ಯಮವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅಮೆರಿಕದಲ್ಲಿ ಬೇಡಿಕೆ ಹೆಚ್ಚಿತು. ಕೊಲ್ಲಂ ಮತ್ತು ಮಂಗಳೂರಿನಲ್ಲಿ ಕಾರ್ಖಾನೆಗಳು ಎದ್ದವು. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿ ಕಂಪನಿಯದು ದೊಡ್ಡ ಹೆಸರು. ಇಲ್ಲಿನ ಬೆಳೆ ಸಾಲದಾದಾಗ ವರ್ತಕರ ಕಣ್ಣು ಪೂರ್ವ ಆಫ್ರಿಕದತ್ತ ಹೊರಳಿತು. ಕೊಯ್ಲಿನ ಕಾಲವೂ ಅನುಕೂಲವಾಗಿಯೇ ಒದಗಿತು. ಕರಾವಳಿಯಲ್ಲಿ ಗೇರು ಉದುರುವುದು ಫೆಬ್ರವರಿಯಿಂದ ಮೇವರೆಗೆ. ತಾಂಜಾನಿಯ, ಮೊಜಾಂಬಿಕ್‌ಗಳಲ್ಲಿ ಕೊಯ್ಲು ಆರಂಭವಾಗುವುದು ಅಕ್ಟೋಬರ್ ಹೊತ್ತಿಗೆ. ಊರಿನ ಬೀಜ ಮುಗಿದ ಮೇಲೂ ಕಾರ್ಖಾನೆಯ ಬಾಗಿಲು ತೆರೆದಿರಲು ಆಫ್ರಿಕದ ಬೀಜ ನೆರವಾಯಿತು. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಗುವವರೆಗೆ ದೊಡ್ಡ ಹಡಗುಗಳು ದೂರ ಕಡಲಲ್ಲೇ ನಿಲ್ಲುತ್ತಿದ್ದವು. ಸರಕು ದೋಣಿಗಳಲ್ಲಿ ದಡ ಸೇರುತ್ತಿತ್ತು.

ಇಷ್ಟಕ್ಕೂ ಬೆಳೆದಲ್ಲೇ ಬೀಜವನ್ನು ಒಡೆಯದೆ ಸಾಗರ ದಾಟಿಸಿದ್ದೇಕೆ? ಉತ್ತರ ಬೀಜದ ರೂಪದಲ್ಲೇ ಇದೆ. ಅದು ಬಾಗಿದ ಆಕಾರದ್ದು, ಒಂದರಂತೆ ಒಂದಿಲ್ಲ. ಚಿಪ್ಪಿನೊಳಗಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ತಿರುಳು ಮುರಿಯದಂತೆ ಒಡೆಯಬಲ್ಲ ಯಂತ್ರ ಬಹುಕಾಲ ಸಿದ್ಧಿಸಲಿಲ್ಲ. ಆ ಕೆಲಸಕ್ಕೆ ಪಳಗಿದ, ಕಡಿಮೆ ಕೂಲಿಗೆ ದುಡಿಯುವ ಕೈಗಳು ಭಾರತದ ಕರಾವಳಿಯಲ್ಲಿದ್ದವು. ಅವು ಹೆಚ್ಚಾಗಿ ಹೆಂಗಸರ ಕೈಗಳು. ಒಡೆಯುವುದು, ಒಳಗಿನ ಕೆಂಪು ಸಿಪ್ಪೆ ಸುಲಿಯುವುದು, ಗಾತ್ರ ಬಣ್ಣ ನೋಡಿ ವಿಂಗಡಿಸುವುದು ಎಲ್ಲವೂ ಅವರದೇ. ನಾಲ್ಕು ಕಿಲೋಗಿಂತ ಹೆಚ್ಚು ಕಚ್ಚಾ ಬೀಜ ಒಡೆದರೆ ಒಂದು ಕಿಲೋ ಗೋಡಂಬಿ ದೊರೆಯುತ್ತದೆ. ಬೀಡಿ ಕಟ್ಟುವುದನ್ನು ಬಿಟ್ಟರೆ ತುಳುನಾಡಿನ ಬಡ ಮನೆಗಳ ಹೆಣ್ಣುಮಕ್ಕಳ ಕೈಗೆ ಸ್ವಂತ ದುಡ್ಡು ತಂದುಕೊಟ್ಟ ದೊಡ್ಡ ಕಸುಬುಗಳಲ್ಲಿ ಇದೂ ಒಂದು.

ಆದರೆ ಅದೇ ದುಡಿಮೆ ತಮ್ಮಲ್ಲಿ ಏಕಿರಬಾರದು ಎಂದು ಆಫ್ರಿಕದ ದೇಶಗಳೂ ಕೇಳಿದವು. ಸ್ವಾತಂತ್ರ್ಯ ಪಡೆದ ತಾಂಜಾನಿಯ 1970ರ ದಶಕದಲ್ಲಿ ಯಂತ್ರಚಾಲಿತ ಕಾರ್ಖಾನೆಗಳನ್ನು ಕಟ್ಟತೊಡಗಿತು. 1975ರಲ್ಲಿ ಸ್ವತಂತ್ರವಾದ ಮೊಜಾಂಬಿಕ್ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು. ಭಾರತ ಸರ್ಕಾರ 1970ರಲ್ಲಿ ಗೋಡಂಬಿ ನಿಗಮವೊಂದನ್ನು ಸ್ಥಾಪಿಸಿ ಆಮದನ್ನು ಅದರ ಮೂಲಕ ನಡೆಸುತ್ತಿತ್ತು. ಬೀಜವೇ ಬಾರದಿದ್ದರೆ ನಿಗಮ ತಾನೇ ಏನು ಮಾಡೀತು? ಅತ್ತ ಆಫ್ರಿಕದಲ್ಲೂ ನೆಮ್ಮದಿಯಿರಲಿಲ್ಲ. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಎರಡು ಲಕ್ಷ ಟನ್‌ಗೂ ಹೆಚ್ಚು ಬೆಳೆಯುತ್ತಿದ್ದ ಮೊಜಾಂಬಿಕ್ ಅಂತರ್ಯುದ್ಧದಲ್ಲಿ ಬೆಂದಿತು. ತಾಂಜಾನಿಯದ ರೈತರನ್ನು ಹೊಸ ಗ್ರಾಮಗಳಿಗೆ ಒಕ್ಕಲೆಬ್ಬಿಸಿದ್ದರಿಂದ ತೋಪುಗಳು ಪಾಳುಬಿದ್ದವು, ಕಾರ್ಖಾನೆಗಳು ಖಾಲಿ ಉಳಿದವು.

ಇದೇ ಹೊತ್ತಿನಲ್ಲಿ ಕರ್ನಾಟಕವೂ ಸ್ವಂತ ಬೆಳೆಯತ್ತ ಗಮನ ಹರಿಸಿತು. 1978ರಲ್ಲಿ ಮಂಗಳೂರಿನಲ್ಲಿ ಗೇರು ಅಭಿವೃದ್ಧಿ ನಿಗಮವೂ 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೂ ಆರಂಭವಾದವು.

ಈ ನಂಟಿನ ಕಹಿ ಮುಖ ಕಂಡದ್ದು 1990ರ ದಶಕದಲ್ಲಿ. ವಿಶ್ವಬ್ಯಾಂಕಿನ ಒತ್ತಾಯಕ್ಕೆ ಮಣಿದು ಮೊಜಾಂಬಿಕ್ ಕಚ್ಚಾ ಬೀಜದ ಮೇಲಿನ ರಫ್ತು ತೆರಿಗೆಯನ್ನು ಶೇಕಡಾ 20ರಿಂದ 14ಕ್ಕೆ ಇಳಿಸಿತು. ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಬ್ಯಾಂಕಿನ ವಾದ. ಬೀಜ ಭಾರತಕ್ಕೆ ಹರಿಯಿತು. ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಅವರಲ್ಲೂ ಹೆಂಗಸರು ಬಹಳಷ್ಟಿದ್ದರು. ರೈತನಿಗೆ ಸಿಕ್ಕಿದ್ದೂ ಅಲ್ಪವೇ ಎಂದು ಮುಂದೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಈ ದಡದ ಹೆಂಗಸರಿಗೆ ಕೆಲಸ ಕೊಟ್ಟ ಬೀಜ ಆ ದಡದ ಹೆಂಗಸರ ಕೆಲಸ ಕಸಿದಿತ್ತು. ಇವರಿಗೂ ಅವರಿಗೂ ಪರಸ್ಪರ ಪರಿಚಯವಿಲ್ಲ. ಆ ತೀರ್ಮಾನದಲ್ಲಿ ಇಬ್ಬರಿಗೂ ದನಿಯಿರಲಿಲ್ಲ.

ಆಮೇಲಿನ ಪೈಪೋಟಿ ಯಂತ್ರದ್ದು. ಯಂತ್ರಗಳನ್ನು ರೂಢಿಸಿಕೊಂಡ ವಿಯೆಟ್ನಾಂ 2006ರಲ್ಲಿ ಗೋಡಂಬಿ ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿತು. ಅದೂ ಆಫ್ರಿಕದ ಬೀಜಕ್ಕೇ ಕೈಚಾಚುತ್ತದೆ. ಬೆಳೆಯ ಕೇಂದ್ರವೂ ಪಶ್ಚಿಮ ಆಫ್ರಿಕಕ್ಕೆ ಸರಿದು ಐವರಿ ಕೋಸ್ಟ್ ಕಚ್ಚಾ ಬೀಜದಲ್ಲಿ ಜಗತ್ತಿಗೇ ಮೊದಲಾಗಿದೆ. ಆ ದೇಶಗಳು ತಾವೇ ಬೀಜ ಒಡೆಯಲು ಮತ್ತೆ ಹೊರಟಿವೆ. 2024ರ ಏಪ್ರಿಲಿನಿಂದ ಕಚ್ಚಾ ಬೀಜದ ರಫ್ತು ನಿಲ್ಲಿಸುವುದಾಗಿ ಬೆನಿನ್ 2022ರಲ್ಲೇ ಸಾರಿತು.

ಆಫ್ರಿಕದ ಈ ಹಂಬಲವನ್ನು ತಪ್ಪೆನ್ನುವಂತಿಲ್ಲ. ತನ್ನ ನೆಲದ ಬೆಳೆಯ ಲಾಭ ತನ್ನಲ್ಲೇ ಉಳಿಯಲಿ ಎಂದು ಭಾರತವೂ ಹತ್ತಿಯ ವಿಷಯದಲ್ಲಿ ಬ್ರಿಟಿಷರ ಕಾಲದಲ್ಲಿ ಹೇಳಿದ್ದು ಅದನ್ನೇ. ಆದರೆ ಆ ಬೀಜ ನಿಂತುಹೋದ ದಿನ ಕಾರ್ಕಳದ ಕಾರ್ಖಾನೆಯಲ್ಲಿ ಸುಲಿಯಲು ಕೂತ ಹೆಂಗಸಿನ ಮುಂದಿನ ಬುಟ್ಟಿಯೂ ಬರಿದಾಗುತ್ತದೆ. ಊರಿನ ಗುಡ್ಡಗಳಲ್ಲಿ ಹೊಸ ತಳಿಯ ಗೇರು ನೆಟ್ಟು ಆ ಬುಟ್ಟಿ ತುಂಬಿಸುವುದೊಂದೇ ಇಬ್ಬರಿಗೂ ನ್ಯಾಯ ಸಲ್ಲುವ ದಾರಿ. ಅದು ಫಲ ಕೊಡಲು ವರ್ಷಗಳು ಬೇಕು.